ಅಲ್ಲಿ ಹೋದರೆ ಏನು ಕೇಳ್ತಾರೆ?

ಈ ಅಂಕಣದ ಓದುಗರು ವರ್ಷವಿಡೀ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಕಳೆದ ವಾರ ಹಾಸನದ ಕಡೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಫೋನ್ ಮಾಡಿ ಅದನ್ನೇ ಕೇಳಿದರು. "ಮೇಡಂ, ಕೌನ್ಸೆಲಿಂಗ್‌ಗೆ ಹೋಗ್ಬೇಕು ಅಂತ ನಾಲ್ಕು ತಿಂಗಳಿಂದ ಅಂದ್ಕೋತಿದ್ದೀನಿ. ಯಾರೋ ನಂಬರ್ ಕೊಟ್ಟಿದ್ದಾರೆ. ಫೋನ್ ಮಾಡೋಕೆ ಧೈರ್ಯ ಬರ್ತಿಲ್ಲ. ಅಲ್ಲಿ ಹೋದ್ರೆ ಏನು ಕೇಳ್ತಾರೆ?" ಹೋಗಬೇಕೋ ಬೇಡವೋ ಎಂಬುದನ್ನು ಅವರು ಆಗಲೇ ತೀರ್ಮಾನಿಸಿದ್ದರು. ಬಾಗಿಲು ದಾಟಿ ಒಳಗೆ ಕೂತ ಮೇಲೆ ಏನಾಗುತ್ತದೆ ಎಂದು ಗೊತ್ತಿಲ್ಲದ್ದೇ ಅವರನ್ನು ತಡೆದಿತ್ತು.

ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ ಏನಾಗುತ್ತದೆಂದು ಐದು ವರ್ಷದ ಮಗುವಿಗೂ ಗೊತ್ತು. ಚೀಟಿ ಬರೆಸಬೇಕು, ಸರದಿ ಕಾಯಬೇಕು, ನಾಲಿಗೆ ಚಾಚಬೇಕು, ಉಸಿರೆಳೆದುಕೊಳ್ಳಬೇಕು. ಕೌನ್ಸೆಲಿಂಗ್ ಕೋಣೆಯ ಬಗ್ಗೆ ನಮ್ಮ ಮನಸ್ಸಿನಲ್ಲಿ ಅಂಥ ಚಿತ್ರವೇ ಇಲ್ಲ. ಕರ್ನಾಟಕದ ಹೆಚ್ಚಿನ ಮನೆಗಳಲ್ಲಿ ಕೌನ್ಸೆಲಿಂಗ್ ಎಂದರೆ ಸಿಇಟಿ ರ‍್ಯಾಂಕ್ ಬಂದ ಮೇಲೆ ಸೀಟು ಆರಿಸುವುದು. ಮೇಷ್ಟ್ರುಗಳ ಮನೆಯಲ್ಲಿ ವರ್ಗಾವಣೆಯ ಕೌನ್ಸೆಲಿಂಗ್. ಕನ್ನಡದಲ್ಲಿ 'ಆಪ್ತ ಸಮಾಲೋಚನೆ' ಎಂಬ ಒಳ್ಳೆಯ ಪದವೇನೋ ಇದೆ. ಆದರೆ ಅದನ್ನು ನಮ್ಮಲ್ಲಿ ಬಹಳ ಮಂದಿ ಮೊದಲು ಓದಿದ್ದು ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದ ಬಾಗಿಲ ಮೇಲೆ. ಹಾಗಾಗಿ ಆ ಪದದ ಜೊತೆಗೆ ಒಂದು ಅಂಜಿಕೆಯೂ ಅಂಟಿಕೊಂಡಿದೆ. ಖಾಸಗಿ ಸಮಾಲೋಚಕರ ಬಳಿ ಮೊದಲ ಸಲ ಹೋದಾಗ ಏನು ನಡೆಯುತ್ತದೆ, ನೀವೇನು ಕೇಳಬಹುದು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇವತ್ತು ಬರೆಯುತ್ತೇನೆ. ಇದು ಹೊರಗೆ ನಿಂತು ನೋಡಿದ್ದಲ್ಲ. ಆ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ.

ನಮ್ಮ ತಂದೆ ತೀರಿಕೊಂಡ ವರ್ಷ ಅದು. ಐಸಿಯುನಲ್ಲಿ ಹನ್ನೊಂದು ದಿನ ಇಟ್ಟುಕೊಂಡ ಮೇಲೆ, ಇನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು. ಮೂರನೆಯ ದಿನ ಮನೆಯಲ್ಲೇ ಹೋದರು. ಕಾರ್ಯ ಎಲ್ಲ ಮುಗಿದು, ನೆಂಟರೆಲ್ಲ ಹೊರಟು, ನಾನು ಕೆಲಸಕ್ಕೆ ಮರಳಿದ ಮೇಲೆ ಶುರುವಾಯಿತು. ದಿನವೂ ಬೆಳಗಿನ ಜಾವ ಮೂರಕ್ಕೆ ಎಚ್ಚರ. ತಂಗಿಯ ಮೇಲೆ ವಿನಾಕಾರಣ ಸಿಟ್ಟು. ಮಾಡಿದ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಆರು ತಿಂಗಳು ಹೀಗೇ ನಡೆದ ಮೇಲೆ ನಮ್ಮ ಫ್ಯಾಮಿಲಿ ಡಾಕ್ಟರು ಥೈರಾಯ್ಡ್, ಬಿ-12 ಎರಡೂ ಪರೀಕ್ಷೆ ಮಾಡಿಸಿದರು. ಎರಡೂ ಸರಿಯಿದ್ದವು. "ನೀವು ಯಾರ ಹತ್ತಿರವಾದರೂ ಕೂತು ಮಾತಾಡಬೇಕು" ಅಂದರು.

ಮೊದಲು ಹೋದ ಕಡೆ ನನಗೆ ಒಳ್ಳೆಯದಾಗಲಿಲ್ಲ. ಆ ವ್ಯಕ್ತಿ ಹತ್ತು ನಿಮಿಷ ನನ್ನ ಮಾತು ಕೇಳಿ, ಉಳಿದ ನಲವತ್ತು ನಿಮಿಷ ತಾವೇ ಮಾತಾಡಿದರು. ಹುಟ್ಟಿದವರೆಲ್ಲ ಸಾಯಲೇಬೇಕು, ನೀವು ಓದಿದವರು, ಧ್ಯಾನ ಮಾಡಿ, ಬೆಳಿಗ್ಗೆ ವಾಕಿಂಗ್ ಹೋಗಿ ಎಂದರು. ಯಾವುದೂ ಸುಳ್ಳಲ್ಲ. ಆದರೆ ಅದನ್ನೆಲ್ಲ ನಮ್ಮ ಸೋದರತ್ತೆ ದುಡ್ಡಿಲ್ಲದೆ ಹೇಳಿದ್ದರು. ಹೊರಗೆ ಬಂದಾಗ ಇನ್ನಷ್ಟು ಒಂಟಿಯಾದೆ. ಕೌನ್ಸೆಲಿಂಗ್ ಎಂದರೆ ಇಷ್ಟೇ ಎಂದುಕೊಂಡು ಇನ್ನೂ ಮೂರು ತಿಂಗಳು ಸುಮ್ಮನಿದ್ದೆ. ಆ ಮೂರು ತಿಂಗಳು ವ್ಯರ್ಥವಾಯಿತಲ್ಲ ಎಂಬ ಬೇಸರ ನನಗೆ ಇವತ್ತಿಗೂ ಇದೆ. ಆಮೇಲೆ ತಿಳಿಯಿತು, ಅವರು ಒಂದು ಸಣ್ಣ ಅವಧಿಯ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಂಡವರು. ಮೊದಲೇ ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಬಹುದು ಎಂಬುದೇ ನನಗೆ ಆಗ ಗೊತ್ತಿರಲಿಲ್ಲ.

ಆದ್ದರಿಂದ ಮೊದಲು ಯಾರು ಏನು ಎಂದು ತಿಳಿದುಕೊಳ್ಳೋಣ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿಯಂಥ ಪದವಿ ಪಡೆದವರು. ಔಷಧಿ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇರಬೇಕು. ಬಹಳ ಮಂದಿ ಎರಡು ವರ್ಷದ ಎಂಫಿಲ್ ಮಾಡಿರುತ್ತಾರೆ. ಅವರಿಗೊಂದು ನೋಂದಣಿ ಸಂಖ್ಯೆ ಇರುತ್ತದೆ, ಕೇಳಿದರೆ ಹೇಳುತ್ತಾರೆ. ಇನ್ನು 'ಕೌನ್ಸೆಲರ್' ಎಂಬ ಪದ. ಎಂಎ ಅಥವಾ ಎಂಎಸ್‌ಸಿ ಸೈಕಾಲಜಿ, ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಅತ್ಯುತ್ತಮ ಸಮಾಲೋಚಕರು ನಮ್ಮಲ್ಲಿದ್ದಾರೆ. ಅದೇ ಪದವನ್ನು ವಾರಾಂತ್ಯದ ತರಬೇತಿ ಮುಗಿಸಿದವರೂ ಹಾಕಿಕೊಳ್ಳುತ್ತಾರೆ. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯವರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿರುವುದು ಒಳ್ಳೆಯ ಹೆಜ್ಜೆ. ಆದರೂ ಬೋರ್ಡು ನೋಡಿ ನಂಬುವ ಹಾಗಿಲ್ಲ, ಕೇಳಲೇಬೇಕು. "ನೀವು ಏನು ಓದಿದ್ದೀರಿ? ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ? ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ?" ಈ ಮೂರು ಪ್ರಶ್ನೆಗೆ ಮುಖ ಗಂಟಿಕ್ಕಿಕೊಳ್ಳುವವರ ಬಳಿ ಹೋಗದಿರುವುದೇ ಕ್ಷೇಮ.

ಎರಡನೆಯ ಸಲ ನಾನು ಹೋದದ್ದು ಮೈಸೂರಿನ ಕುವೆಂಪುನಗರದ ಸಮಾಲೋಚಕರೊಬ್ಬರ ಮನೆಗೆ. ಕೆಳಗೆ ಸಂಸಾರ, ಮಹಡಿ ಮೇಲೆ ಅವರ ಪ್ರಾಕ್ಟೀಸು. ಮೊದಲೇ ಫೋನಿನಲ್ಲಿ ಎಲ್ಲ ಮಾತಾಗಿತ್ತು. ಯಾವ ಕಾರಣಕ್ಕೆ ಬರುತ್ತಿದ್ದೀರಿ ಎಂದು ಅವರು ಒಂದೆರಡು ವಾಕ್ಯದಲ್ಲಿ ಕೇಳಿದರಷ್ಟೆ. "ತಂದೆ ಹೋಗಿದ್ದಾರೆ, ನಿದ್ದೆ ಬರ್ತಿಲ್ಲ" ಅಂದೆ. ಅಷ್ಟು ಸಾಕು ಎಂದರು. ಫೋನಿನಲ್ಲಿ ಕಥೆ ಎಲ್ಲ ಹೇಳಬೇಕಾಗಿಲ್ಲ. ಅವರು ಹೇಳಿದ್ದು ಇಷ್ಟು: ಒಂದು ಸಿಟ್ಟಿಂಗ್ 50 ನಿಮಿಷ, ವಾರಕ್ಕೊಮ್ಮೆ, ಫೀಸು ಇಷ್ಟು, ಬರಲಾಗದಿದ್ದರೆ 24 ಗಂಟೆ ಮುಂಚೆ ತಿಳಿಸಬೇಕು, ಇಲ್ಲದಿದ್ದರೆ ಆ ದಿನದ ಫೀಸು ಕೊಡಬೇಕಾಗುತ್ತದೆ. ಈ ಕೊನೆಯ ಮಾತು ಕೆಲವರಿಗೆ ಒರಟು ಅನ್ನಿಸುತ್ತದೆ. ಆದರೆ ಆ 50 ನಿಮಿಷವನ್ನು ಅವರು ನಿಮಗೆಂದೇ ಎತ್ತಿಟ್ಟಿರುತ್ತಾರೆ. ಡಾಕ್ಟರ ಕ್ಲಿನಿಕ್ಕಿನ ಹಾಗೆ ಸಾಲಿನಲ್ಲಿ ಮುಂದಿನವರನ್ನು ಒಳಗೆ ಕರೆಯುವುದಕ್ಕೆ ಆಗುವುದಿಲ್ಲ.

ಕೋಣೆಯಲ್ಲಿ ಉದ್ದನೆಯ ಸೋಫಾ ಇರುತ್ತದೆ, ಅದರ ಮೇಲೆ ಮಲಗಿಸಿ ಹಿಪ್ನಾಟಿಸಂ ಮಾಡುತ್ತಾರೆ ಎಂದು ಸಿನಿಮಾ ನೋಡಿದವರು ಅಂದುಕೊಂಡಿರುತ್ತಾರೆ. ಅಲ್ಲಿ ಇದ್ದದ್ದು ಬೆತ್ತದ ಎರಡು ಕುರ್ಚಿ, ತುಸು ಓರೆಯಾಗಿ ಇಟ್ಟಿದ್ದವು. ನಡುವೆ ಮೇಜಿಲ್ಲ. ಪಕ್ಕದ ಸ್ಟೂಲಿನ ಮೇಲೆ ಮುಚ್ಚಳದ ತಂಬಿಗೆಯಲ್ಲಿ ನೀರು, ಲೋಟ, ಟಿಶ್ಯೂ ಪೇಪರಿನ ಡಬ್ಬ. ಗೋಡೆ ಗಡಿಯಾರ ಇಬ್ಬರಿಗೂ ಕಾಣುವ ಕಡೆ ಇತ್ತು. ಕಿಟಕಿಯಾಚೆ ಪಕ್ಕದ ಮನೆಯ ತೆಂಗಿನ ಗರಿ. ಬಾಗಿಲು ಮುಚ್ಚಿದ ಮೇಲೆ ಯಾರೂ ಒಳಗೆ ಬರಲಿಲ್ಲ, ಅವರ ಫೋನು ಒಮ್ಮೆಯೂ ಸದ್ದು ಮಾಡಲಿಲ್ಲ. ಇಡೀ 50 ನಿಮಿಷ ಒಬ್ಬರು ಫೋನ್ ನೋಡದೆ ನನ್ನನ್ನೇ ನೋಡುತ್ತ ಕೂತದ್ದು ಎಷ್ಟೋ ವರ್ಷಗಳ ನಂತರ ಅದೇ ಮೊದಲು.

ಮೊದಲ ದಿನ ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ಹೆಸರು, ವಯಸ್ಸು, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಹಿಂದೆ ಎಲ್ಲಾದರೂ ಚಿಕಿತ್ಸೆ ಪಡೆದಿದ್ದೀರಾ ಎಂಬ ವಿವರ. ಕೆಲವರು ಒಂದು ಪ್ರಶ್ನಾವಳಿಯನ್ನೂ ಕೊಡುತ್ತಾರೆ. ಹೆಚ್ಚಾಗಿ ಬಳಸುವ ಪಿಎಚ್‌ಕ್ಯೂ-9ರಲ್ಲಿ 9 ಪ್ರಶ್ನೆಗಳು: ಕಳೆದ 2 ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ, ನಿದ್ದೆ ಹೇಗಿತ್ತು, ಊಟ ಸೇರುತ್ತಿತ್ತೇ ಎಂಬಂಥವು. ಪ್ರತಿಯೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 27. ಅದರ ಕನ್ನಡ ರೂಪವೂ ಇದೆ, ಕೇಳಿ ಪಡೆಯಿರಿ. ಇದು ಪಾಸು ಫೇಲಿನ ಪರೀಕ್ಷೆಯಲ್ಲ. ಎರಡು ತಿಂಗಳಾದ ಮೇಲೆ ಇದನ್ನೇ ಮತ್ತೆ ತುಂಬಿಸಿ, ಎಲ್ಲಿ ಹಗುರಾಗಿದೆ ಎಲ್ಲಿ ಇಲ್ಲ ಎಂದು ಹೋಲಿಸಿ ನೋಡುತ್ತಾರೆ.

ಫಾರಂ ಜೊತೆಗೆ ಒಪ್ಪಿಗೆ ಪತ್ರ ಇರುತ್ತದೆ. ಅದನ್ನು ಓದದೆ ಸಹಿ ಮಾಡಬೇಡಿ. ಗೋಪ್ಯತೆಯ ಮಾತು ಇರುವುದು ಅದರಲ್ಲೇ. ನೀವು ಹೇಳಿದ್ದು ಆ ಕೋಣೆಯಿಂದಾಚೆ ಹೋಗುವುದಿಲ್ಲ. ನಿಮ್ಮ ಗಂಡ ಬಂದು ಕೇಳಿದರೂ, ಅತ್ತೆ ಫೋನ್ ಮಾಡಿದರೂ, ಆಫೀಸಿನವರು ವಿಚಾರಿಸಿದರೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಹಕ್ಕು ಎಂದೇ ಹೇಳಿದೆ. ಆದರೆ ಇದಕ್ಕೆ ಕೆಲವು ಮಿತಿಗಳಿವೆ, ಒಳ್ಳೆಯ ಸಮಾಲೋಚಕರು ಅವನ್ನು ಮೊದಲ ದಿನವೇ ಬಿಡಿಸಿ ಹೇಳುತ್ತಾರೆ. ನಿಮ್ಮ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಅಪಾಯವಿದೆ ಎನಿಸಿದರೆ, ಅದನ್ನು ತಪ್ಪಿಸಲು ಬೇಕಾದಷ್ಟನ್ನು ಬೇಕಾದವರಿಗೆ ತಿಳಿಸಲೇಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಯಾರೇ ಆದರೂ ವರದಿ ಮಾಡಬೇಕು. ನ್ಯಾಯಾಲಯ ಆದೇಶ ಕೊಟ್ಟರೆ ದಾಖಲೆ ಒಪ್ಪಿಸಬೇಕಾಗಬಹುದು. ಈ ಮಿತಿಗಳನ್ನು ಅವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಇನ್ನು ಶಿಕ್ಷಕಿಯವರ ಪ್ರಶ್ನೆಗೆ ನೇರ ಉತ್ತರ. ಏನು ಕೇಳ್ತಾರೆ? ಮೊದಲು, ಯಾಕೆ ಬಂದಿರಿ ಎಂದು ಕೇಳುತ್ತಾರೆ. ಇದು ಯಾವಾಗಿನಿಂದ ಇದೆ, ಯಾವಾಗ ಹೆಚ್ಚು, ಯಾವಾಗ ಕಡಿಮೆ? ನಿದ್ದೆ, ಊಟ, ಕೆಲಸ ಹೇಗಿದೆ? ಮನೆಯಲ್ಲಿ ಯಾರ‍್ಯಾರಿದ್ದೀರಿ, ಯಾರ ಜೊತೆ ಮಾತು ಸಲೀಸು, ಯಾರ ಜೊತೆ ಕಷ್ಟ? ಚಿಕ್ಕಂದಿನಲ್ಲಿ ಮನೆ ಹೇಗಿತ್ತು? ಕುಡಿತ, ಸಿಗರೇಟು, ನಿದ್ದೆ ಮಾತ್ರೆ ಉಂಟೇ? ನಿಮ್ಮ ಮನೆತನದಲ್ಲಿ ಯಾರಿಗಾದರೂ ಇಂಥ ತೊಂದರೆ ಇತ್ತೇ? ಇವನ್ನೆಲ್ಲ ಪೊಲೀಸರ ಹಾಗೆ ಒಂದಾದ ಮೇಲೊಂದು ಕೇಳುವುದಿಲ್ಲ, ಮಾತಿನ ನಡುವೆ ಬರುತ್ತವೆ. ಇವತ್ತು ಇದನ್ನು ಹೇಳುವುದಕ್ಕೆ ಆಗುವುದಿಲ್ಲ ಎನ್ನುವ ಸ್ವಾತಂತ್ರ್ಯ ನಿಮಗೆ ಯಾವಾಗಲೂ ಇದೆ. ಎಷ್ಟೋ ಜನ ನಿಜವಾಗಿ ಹೇಳಬೇಕಾದ್ದನ್ನು ನಾಲ್ಕನೆಯ ವಾರ, ಎದ್ದು ಹೊರಡುವ ಹೊತ್ತಿಗೆ ಹೇಳುತ್ತಾರಂತೆ.

ಒಂದು ಪ್ರಶ್ನೆ ಮಾತ್ರ ಕೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" ಎಂದು ನೇರವಾಗಿ ಕೇಳುತ್ತಾರೆ. ನನ್ನನ್ನೂ ಕೇಳಿದರು. ಕೇಳುವುದರಿಂದ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲ. ಇದ್ದ ಯೋಚನೆಯನ್ನು ಹೊರಗೆ ಹಾಕಲು ದಾರಿಯಾಗುತ್ತದೆ. ಹೌದು ಎಂದರೆ ಪೊಲೀಸರಿಗೆ ಹೇಳುತ್ತಾರೆ ಎಂಬ ಭಯ ನಮ್ಮ ಜನರಲ್ಲಿ ಬಹಳ ಇದೆ. ಯೋಚನೆ ಅಪರಾಧವಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಕೂಡ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಎಂದು ಅದೇ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಆ ಪ್ರಶ್ನೆಗೆ ನಿಜ ಹೇಳಿ.

ಕೇಳುವುದು ಮುಗಿದ ಮೇಲೆ ಅವರು ಪರಿಹಾರ ಹೇಳುತ್ತಾರೆ ಎಂದು ನಾನು ಕಾದೆ. ಹೇಳಲಿಲ್ಲ. ಮೊದಲ ಸಲ ಹೋದವರಿಗೆ ಹೆಚ್ಚು ನಿರಾಸೆಯಾಗುವುದು ಇಲ್ಲಿಯೇ. ದುಡ್ಡು ಕೊಟ್ಟು ಬಂದೆವು, ಏನೂ ಹೇಳಲಿಲ್ಲವಲ್ಲ ಎನ್ನಿಸುತ್ತದೆ. ನಾವು ಬೆಳೆದ ರೀತಿಯೇ ಹಾಗೆ. ಕಷ್ಟ ಹೇಳಿಕೊಂಡರೆ ಹಿರಿಯರು ಬುದ್ಧಿ ಹೇಳುತ್ತಾರೆ, ಜೋಯಿಸರು ಶಾಂತಿ ಹೇಳುತ್ತಾರೆ, ಡಾಕ್ಟರು ಮಾತ್ರೆ ಹೇಳುತ್ತಾರೆ. ಸಮಾಲೋಚಕರು ಮೊದಲು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ನಿಮಗೆ ಹಿಂದಿರುಗಿಸಿ, ಸರಿಯಾಗಿ ಅರ್ಥ ಮಾಡಿಕೊಂಡೆನೇ ಎಂದು ಕೇಳುತ್ತಾರೆ. ಗಂಡನನ್ನು ಬಿಡಿ, ಕೆಲಸ ಬಿಡಿ, ಮನೆ ಮಾರಿ ಎಂದೆಲ್ಲ ಅವರು ಹೇಳುವುದಿಲ್ಲ. ಮೊದಲ ದಿನವೇ ಹಾಗೆ ಹೇಳುವವರಿದ್ದರೆ ಎಚ್ಚರವಾಗಿರಿ. ನಿರ್ಧಾರ ನಿಮ್ಮದು. ಆ ನಿರ್ಧಾರಕ್ಕೆ ಬೇಕಾದ ನೆಮ್ಮದಿ ನಿಮ್ಮೊಳಗೆ ಬರುವಂತೆ ನೋಡಿಕೊಳ್ಳುವುದು ಅವರ ಕೆಲಸ.

ಎರಡನೆಯ ಸಿಟ್ಟಿಂಗಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಅದುವರೆಗೆ ನಾನು ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ. 'ಫಾದರ್', 'ಡಿಸಿಷನ್', 'ಗಿಲ್ಟ್' ಎಂದೆಲ್ಲ ಬಹಳ ಸ್ಪಷ್ಟವಾಗಿ, ಆಫೀಸಿನ ವರದಿ ಒಪ್ಪಿಸುವ ಹಾಗೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ನಿಮ್ಮ ತಂದೇನ ನೀವು ಏನಂತ ಕರೀತಿದ್ರಿ?" ನಮ್ಮದು ಹಳೆಯ ಕಾಲದ ಮನೆ. ದೊಡ್ಡಪ್ಪನ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನಾವೂ ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. "ಅಣ್ಣ" ಅಂದೆ. ಅವರು ಸತ್ತ ಮೇಲೆ ಆ ಪದವನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಕೊನೆಯ ದಿನ ಅವರು ಕಾಫಿ ಕೇಳಿದ್ದು, ನಾನು ಚಮಚದಲ್ಲಿ ಎರಡು ಹನಿ ತುಟಿಗೆ ಹಾಕಿದ್ದು, "ಮನೆಗೆ ಬಂದ್ವಾ?" ಎಂದು ಅವರು ಕೇಳಿದ್ದು, ಎಲ್ಲ ಒಂದರ ಹಿಂದೆ ಒಂದು ಬಂತು. ಸಮಾಲೋಚಕರು ಸಮಾಧಾನ ಹೇಳಲಿಲ್ಲ, ಅಳಬೇಡಿ ಅನ್ನಲಿಲ್ಲ. ತಂಬಿಗೆಯ ಮುಚ್ಚಳ ತೆಗೆದು ಲೋಟಕ್ಕೆ ನೀರು ಬಗ್ಗಿಸಿ ಪಕ್ಕಕ್ಕೆ ಇಟ್ಟರು. ಸಮಯ ಮುಗಿಯುವ ಹತ್ತು ನಿಮಿಷ ಮುಂಚೆ, "ಈಗ ನಿಧಾನವಾಗಿ ವಾಪಸ್ ಬರೋಣ, ಆಚೆ ನೀವು ಸ್ಕೂಟರ್ ಓಡಿಸ್ಕೊಂಡು ಹೋಗ್ಬೇಕಲ್ಲ" ಅಂದರು.

ಈ ಅನುಭವದಿಂದಲೇ ನಾನು ಭಾಷೆಯ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು. ನೋವು ನಮಗೆ ಬರುವುದು ನಮ್ಮ ಮಾತಿನಲ್ಲೇ. 'ಸಂಕಟ', 'ಕಸಿವಿಸಿ', 'ಹೊಟ್ಟೆಯೊಳಗೆ ಕಿವುಚಿದ ಹಾಗೆ', 'ಜೀವ ಹಿಡಿದುಕೊಂಡ ಹಾಗೆ', 'ಮನಸ್ಸಿಗೆ ಒಗ್ತಾ ಇಲ್ಲ' ಎಂದು ಕನ್ನಡದಲ್ಲಿ ಹೇಳುವುದನ್ನೆಲ್ಲ ಡಿಪ್ರೆಷನ್, ಆಂಗ್ಸೈಟಿ ಎಂಬ ಎರಡು ಡಬ್ಬಿಗೆ ತುಂಬಿದರೆ ಅರ್ಧ ಹೊರಗೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಸಮಾಲೋಚಕರು ಇಂಗ್ಲಿಷಿನಲ್ಲೇ ತರಬೇತಾದವರು, ಕೆಲವರಿಗೆ ಕನ್ನಡ ಬಾರದು. ಫೋನ್ ಮಾಡಿದಾಗಲೇ "ನಾನು ಕನ್ನಡದಲ್ಲಿ ಮಾತಾಡಬೇಕು" ಎಂದು ಹೇಳಿ. ಉತ್ತರ ಕರ್ನಾಟಕದವರು, ಕರಾವಳಿಯವರು ತಮ್ಮ ಕಡೆಯ ಮಾತು ಬಲ್ಲವರನ್ನು ಹುಡುಕಿದರೂ ತಪ್ಪಲ್ಲ. ತುಳು, ಕೊಂಕಣಿ, ಉರ್ದು ಮನೆಮಾತಿನವರಿಗೂ ಇದೇ ಮಾತು. ಈಗ ವಿಡಿಯೊ ಕರೆಯಲ್ಲಿ ಸಿಟ್ಟಿಂಗ್ ನಡೆಯುವುದರಿಂದ ಧಾರವಾಡದ ಸಮಾಲೋಚಕರ ಜೊತೆ ದುಬೈನಲ್ಲಿರುವವರೂ ಮಾತಾಡಬಹುದು. ಹಾಗೆ ಮಾಡುವುದಾದರೆ ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಜಾಗ ಇರಬೇಕು. ಜಾಗ ಸಿಗದೆ ನಿಲ್ಲಿಸಿದ ಕಾರಿನಲ್ಲಿ, ತೋಟದ ಪಂಪ್‌ಹೌಸಿನಲ್ಲಿ ಕೂತು ಮಾತಾಡುವವರೂ ನನಗೆ ಗೊತ್ತು.

ಮೊದಲೆರಡು ಸಿಟ್ಟಿಂಗ್ ಆದ ಮೇಲೆ ಹಗುರಾಗುವ ಬದಲು ಇನ್ನೂ ಭಾರವಾಗಬಹುದು. ಮುಚ್ಚಿಟ್ಟದ್ದನ್ನು ತೆರೆದಾಗ ಹಾಗಾಗುವುದು ಸಹಜ. ಅವತ್ತು ಸಂಜೆಗೆ ಬೇರೆ ದೊಡ್ಡ ಕೆಲಸ, ನೆಂಟರ ಮನೆ ಊಟ ಇಟ್ಟುಕೊಳ್ಳಬೇಡಿ. ಮುಂದಿನ ವಾರಗಳಲ್ಲಿ ಮನೆಗೆಲಸವನ್ನೂ ಕೊಡುತ್ತಾರೆ. ನನಗೆ ಕೊಟ್ಟದ್ದು ಒಂದು ನೋಟ್‌ಬುಕ್ಕಿನ ಕೆಲಸ. ಮೂರು ಗಂಟೆಗೆ ಎಚ್ಚರವಾದಾಗ ತಲೆಗೆ ಬಂದ ಮೊದಲ ಮಾತು, ಅದನ್ನು ಎಷ್ಟು ನಂಬುತ್ತೇನೆ, ಅದಕ್ಕೆ ಎದುರಾಗಿ ಏನು ಹೇಳಬಹುದು ಎಂದು ಮೂರು ಕಲಂ ಎಳೆದು ಬರೆಯಬೇಕಾಗಿತ್ತು. 'ನಾನೇ ಕೊಂದೆ' ಎಂದು ಮೊದಲ ಕಲಮಿನಲ್ಲಿ ಬರೆದ ದಿನ ಮೂರನೆಯ ಕಲಂ ಖಾಲಿ ಬಿಟ್ಟಿದ್ದೆ. ಐದನೆಯ ವಾರ ಅಲ್ಲಿ, 'ಮನೆಗೆ ಹೋಗೋಣ ಅಂತ ಅಣ್ಣನೇ ಕೇಳಿದ್ದರು' ಎಂದು ಬರೆಯಲು ಸಾಧ್ಯವಾಯಿತು. ನಿದ್ದೆ ಅವತ್ತೇನೂ ಮರಳಲಿಲ್ಲ, ಒಂದು ತಿಂಗಳು ಬಿಟ್ಟು ಮರಳಿತು.

ಸಮಾಲೋಚಕರ ಜೊತೆಗಿನ ನಂಟು ಸ್ನೇಹದಂತಿದ್ದರೂ ಸ್ನೇಹವಲ್ಲ. ಅವರು ನಿಮ್ಮ ಮಗಳ ಮದುವೆಗೆ ಬರುವುದಿಲ್ಲ, ದೀಪಾವಳಿಗೆ ಕೊಟ್ಟ ಸೀರೆ ತೆಗೆದುಕೊಳ್ಳುವುದಿಲ್ಲ, ದೇವರಾಜ ಮಾರುಕಟ್ಟೆಯಲ್ಲಿ ಎದುರಾದರೆ ನೀವಾಗಿ ಮಾತಾಡಿಸುವ ತನಕ ಗುರುತಿನವರಂತೆ ನಡೆದುಕೊಳ್ಳುವುದಿಲ್ಲ. ಇದು ಜಂಬವಲ್ಲ, ನಿಮ್ಮ ಗುಟ್ಟನ್ನು ಕಾಪಾಡುವ ರೀತಿ. ನಿಮ್ಮ ಓರಗಿತ್ತಿಯನ್ನೋ ಆಪ್ತ ಗೆಳತಿಯನ್ನೋ ಅವರ ಬಳಿಗೇ ಕಳಿಸಿದರೆ, ಬೇರೆಯವರ ಹೆಸರು ಸೂಚಿಸುವುದೂ ಇದೇ ಕಾರಣಕ್ಕೆ.

ಫೀಸಿನ ಮಾತು ಆಡಲೇಬೇಕು. ನಾನು ಕಂಡಂತೆ ಜಿಲ್ಲಾ ಕೇಂದ್ರಗಳಲ್ಲಿ ಒಂದು ಸಿಟ್ಟಿಂಗಿಗೆ 500ರಿಂದ 1,000 ರೂಪಾಯಿ, ಬೆಂಗಳೂರಿನಲ್ಲಿ ಸಾವಿರದಿಂದ ಎರಡು ಮೂರು ಸಾವಿರದವರೆಗೂ ಇದೆ. ವಾರಕ್ಕೊಮ್ಮೆ ಎಂದರೆ ಮಧ್ಯಮ ವರ್ಗದವರಿಗೆ ಇದು ಸಣ್ಣ ಮೊತ್ತವಲ್ಲ. 2017ರ ಕಾಯ್ದೆ ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಗೆ ಸಮನಾಗಿ ಕಾಣಬೇಕು ಎಂದಿದೆ. ಆದರೆ ನಮ್ಮ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದಾಗಿನ ಖರ್ಚನ್ನಷ್ಟೇ ಕೊಡುವುದರಿಂದ ಕೌನ್ಸೆಲಿಂಗ್ ಫೀಸು ಕೈಯಿಂದಲೇ ಹೋಗುತ್ತದೆ. ಅದಕ್ಕೇ ಮೊದಲ ದಿನವೇ ಕೇಳಿ: ಸುಮಾರು ಎಷ್ಟು ಸಿಟ್ಟಿಂಗ್ ಬೇಕಾಗಬಹುದು, ಕಡಿಮೆ ಮಾಡುವ ಅವಕಾಶವಿದೆಯೇ, ಆಮೇಲೆ ಎರಡು ವಾರಕ್ಕೊಮ್ಮೆ ಬಂದರೆ ಆದೀತೇ? ಎಷ್ಟೋ ಸಮಾಲೋಚಕರು ಆದಾಯ ನೋಡಿ ಫೀಸು ಇಳಿಸುತ್ತಾರೆ, ವಿದ್ಯಾರ್ಥಿಗಳಿಗೆ ಬೇರೆ ದರ ಇಡುತ್ತಾರೆ. ಎಷ್ಟು ಸಿಟ್ಟಿಂಗ್ ಎಂಬುದಕ್ಕೆ ಒಂದೇ ಲೆಕ್ಕವಿಲ್ಲ. ನನಗೆ ಹದಿನಾಲ್ಕು ಸಾಕಾಯಿತು. ಕೆಲವರಿಗೆ ಆರು, ಹಳೆಯ ಗಾಯ ಇರುವವರಿಗೆ ವರ್ಷವೂ ಬೇಕಾದೀತು. ಹತ್ತು ಸಿಟ್ಟಿಂಗಿನ ದುಡ್ಡನ್ನು ಮುಂಗಡ ಕಟ್ಟಿ ಎಂದು ಒತ್ತಾಯಿಸುವವರಿಗೆ ನಾನಂತೂ ಕಟ್ಟುವುದಿಲ್ಲ.

ಮೂರು ನಾಲ್ಕು ಸಲ ಹೋದ ಮೇಲೂ ಇವರ ಎದುರು ಬಾಯಿ ಬಿಡಲಾಗುತ್ತಿಲ್ಲ ಎನಿಸಿದರೆ, ಅದನ್ನು ಅವರಿಗೇ ಹೇಳಿ. ಹೇಳಿದ ಮೇಲೂ ಸರಿಹೋಗದಿದ್ದರೆ ಬೇರೆಯವರ ಬಳಿ ಹೋಗಿ. ಯಾವ ಪದ್ಧತಿಯ ಚಿಕಿತ್ಸೆ ಎಂಬುದರಷ್ಟೇ, ಇಬ್ಬರ ನಡುವೆ ನಂಬಿಕೆ ಕುದುರಿದೆಯೇ ಎಂಬುದೂ ಗುಣವಾಗಲು ಮುಖ್ಯ ಎಂದು ಈ ವೃತ್ತಿಯವರೇ ಒಪ್ಪುತ್ತಾರೆ. ನನ್ನಂತೆ ಒಬ್ಬರ ಬಳಿ ಬೇಸತ್ತು ಇಡೀ ಕೌನ್ಸೆಲಿಂಗನ್ನೇ ಬಿಟ್ಟುಬಿಡಬೇಡಿ. ಹಾಗೆಯೇ, ಮನೋವೈದ್ಯರನ್ನೂ ಒಮ್ಮೆ ನೋಡಿ ಎಂದು ಸಮಾಲೋಚಕರು ಹೇಳಿದರೆ ಗಾಬರಿ ಬೇಡ. ಊಟ ನಿದ್ದೆ ಪೂರ್ತಿ ಕೆಟ್ಟಾಗ, ಇಲ್ಲದ ದನಿ ಕೇಳಿಸಿದಾಗ, ಸಾಯುವ ಯೋಚನೆ ಬಲವಾದಾಗ ಔಷಧಿಯೂ ಬೇಕಾಗುತ್ತದೆ. ತನ್ನ ಕೈಲಾಗದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಒಳ್ಳೆಯ ಸಮಾಲೋಚಕರ ಲಕ್ಷಣ.

ಮನೆಯವರಿಗೂ ಒಂದು ಮಾತು. ತ್ರಿವೇಣಿಯವರ 'ಶರಪಂಜರ'ದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿಯೇ ಮನೆಗೆ ಬಂದಿದ್ದಳು. ಮತ್ತೆ ಅವಳನ್ನು ಕೆಡವಿದ್ದು ಸುತ್ತಲಿನವರ ನೋಟ, ಅನುಮಾನ. ಆ ಕಾದಂಬರಿ ಬಂದು ಇಷ್ಟು ವರ್ಷವಾದರೂ ಕೌನ್ಸೆಲಿಂಗ್ ಮುಗಿಸಿ ಬಂದವರನ್ನು ನಾವು ಬಾಗಿಲಲ್ಲೇ ನಿಲ್ಲಿಸಿ "ಏನಂದ್ರು? ನಮ್ಮ ಬಗ್ಗೆ ಏನು ಹೇಳ್ದೆ?" ಎಂದು ಕೇಳುತ್ತೇವೆ. ಕೇಳಬೇಡಿ. ನಮ್ಮ ಮನೆಯವರು ಏನೂ ಕೇಳದೆ, ನಾನು ಬರುವ ಹೊತ್ತಿಗೆ ಅನ್ನಕ್ಕಿಟ್ಟಿರುತ್ತಿದ್ದರು. ಆ ಹದಿನಾಲ್ಕು ವಾರವೂ ಅವರು ಮಾಡಿದ ಉಪಕಾರ ಅದು. ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಂದಿರೂ ಅಷ್ಟೇ. 18 ತುಂಬದ ಮಗುವಿಗೆ ನಿಮ್ಮ ಒಪ್ಪಿಗೆ ಬೇಕು, ಮೊದಲು ನಿಮ್ಮ ಜೊತೆಗೂ ಮಾತಾಡುತ್ತಾರೆ. ಆಮೇಲೆ ಮಗುವಿನ ಜೊತೆ ಒಂಟಿಯಾಗಿ ಮಾತಾಡಲು ಬಿಟ್ಟು, ನೀವು ಹೊರಗೆ ಕೂತಿರಬೇಕು.

ಖಾಸಗಿ ಫೀಸು ಎಟುಕದವರಿಗೆ ದಾರಿ ಇಲ್ಲವೆಂದೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡುವ ಮನೋಚೈತನ್ಯ ಕಾರ್ಯಕ್ರಮವನ್ನು ನಮ್ಮ ರಾಜ್ಯ ಸರ್ಕಾರವೇ ತಂದಿದೆ. ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅವರು ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನಡೆಸಿದ 'ಸಮಾಧಾನ' ಕೇಂದ್ರ ಉಚಿತ ಆಪ್ತ ಸಲಹೆಗೆ ಹೆಸರಾದದ್ದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ, ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣದ ಯೋಚನೆ ಬಂದಿರುವವರು ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯದೆ ಈಗಲೇ ಈ ಸಂಖ್ಯೆಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಹಾಸನದ ಶಿಕ್ಷಕಿಗೆ ನಾನು ಫೋನಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ ಎಂದೆ: ಏನಾಗುತ್ತಿದೆ, ಯಾವಾಗಿನಿಂದ, ಯಾವ ಮಾತ್ರೆ ನುಂಗುತ್ತಿದ್ದೀರಿ, ಏನು ಸರಿಹೋದರೆ ಸಾಕು ಅನ್ನಿಸುತ್ತದೆ. ಮಾತು ಬಾರದಿದ್ದರೆ ಆ ಚೀಟಿಯನ್ನೇ ಕೊಟ್ಟು ಕೂತುಕೊಳ್ಳಿ, ಉಳಿದದ್ದನ್ನು ಅವರು ಕೇಳುತ್ತಾರೆ ಎಂದೆ. ಅವರ ಹಾಗೆ ನಂಬರ್ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯುತ್ತಿರುವವರಿಗೂ ನನ್ನ ಕೋರಿಕೆ ಇದೇ. ಆ ನಾಲ್ಕು ಸಾಲನ್ನು ಇವತ್ತು ರಾತ್ರಿ ಬರೆಯಿರಿ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡಿ.